ಕಂಪ್ಯೂಟರಿನ ವಾರದ ರಜೆ

ನಮ್ಮ ಮನೆಯ ಕಂಪ್ಯೂಟರಿಗೆ ಸೋಮವಾರ ರಜೆ ಇತ್ತು. ಯಾರಿಗೆ ಹೇಳಿದರೂ ನಗುತ್ತಾರೆ. ನಗಲಿ. ನಗುವವರು ಒಂದೇ ಒಂದು ವಾರ ನಮ್ಮ ಮಾವನವರ ಜೊತೆ ಇದ್ದು ನೋಡಬೇಕು, ಆಮೇಲೆ ಅವರ ಮನೆಯ ಮಿಕ್ಸಿಗೂ ರಜೆ ಸಿಕ್ಕಿರುತ್ತದೆ.

ಮಾವನವರು ಜರಗನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇಲ್ಲಿಯವರು. ಈಗ ನಮ್ಮದು ಅಂತಸ್ತಿನ ಮೇಲೆ ಅಂತಸ್ತು ಏರಿಸಿದ ಮನೆ, ಮೇಲೆಲ್ಲ ಬಾಡಿಗೆಯವರು, ಕೆಳಗೆ ನಾವು. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೇ ಹಾಸಿಗೆ ಹಾಸಿ ಮಲಗುತ್ತೇವೆ. ಹೊಲ ಹೋಗಿ ಸೈಟಾಗಿ ಎಷ್ಟೋ ಕಾಲವಾಯಿತು, ಮಾವನವರ ಬೇಸಾಯ ಮಾತ್ರ ಇನ್ನೂ ಮುಗಿದಿಲ್ಲ. ಈ ಕಡೆಯ ಒಕ್ಕಲು ಮನೆಗಳಲ್ಲಿ ಒಂದು ನಿಯಮವಿತ್ತು: ಎತ್ತು ಅಂದರೆ ಬಸವಣ್ಣ, ಸೋಮವಾರ ಅವನ ವಾರ, ಅವತ್ತು ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಬಿತ್ತನೆಗೆ ಹದ ಬಂದಿರಲಿ, ಮೋಡ ಕವಿದಿರಲಿ, ಇಲ್ಲ ಅಂದರೆ ಇಲ್ಲ. ಎತ್ತುಗಳು ಹೋದವು, ನಿಯಮ ಉಳಿಯಿತು. ಉಳಿದ ನಿಯಮಕ್ಕೆ ಯಾರಾದರೂ ಬೇಕಲ್ಲ, ಕಂಪ್ಯೂಟರು ಸಿಕ್ಕಿತು.

ಅದನ್ನು ತಂದದ್ದು ನನ್ನ ಮಗಳ ಓದಿಗೆ. ಜೋಡಿಸಿ ಕೊಡಲು ಬಂದವನನ್ನು ಮಾವನವರು ಕೇಳಿದರು, "ಏನಪ್ಪಾ, ಇದು ಏನೇನು ಕೆಲ್ಸ ಮಾಡ್ತದೆ?" ಅವನು ವೈರು ಕಚ್ಚಿಕೊಂಡೇ, "ಎಲ್ಲಾ ಮಾಡುತ್ತೆ ಅಂಕಲ್" ಅಂದ. ಅಷ್ಟು ಸಾಕಾಯಿತು. "ಹಂಗಾದ್ರೆ ಇದು ದುಡಿಯೋ ಜೀವ" ಎಂದು ಮಾವನವರು ತೀರ್ಮಾನ ಕೊಟ್ಟರು. ದೇವರ ಕೋಣೆಯ ಬಾಗಿಲ ಪಕ್ಕದಲ್ಲೇ ಮೇಜು ಹಾಕಿಸಿದರು. ಡಬ್ಬಿಯ ಹಣೆಗೆ ವಿಭೂತಿ, ಕುಂಕುಮ, ನೆತ್ತಿಯ ಮೇಲೆ ಕನಕಾಂಬರ. ಪ್ರತಿ ಶುಕ್ರವಾರ ದೇವರಿಗೆ ಹಾಕಿದ ಸಾಂಬ್ರಾಣಿಯನ್ನು ಅದಕ್ಕೂ ಹಾಕಿ, ಹಬ್ಬದ ದಿನ ಅಕ್ಷತೆಯನ್ನೂ ಎರಚುತ್ತಿದ್ದರು. ಸೋಮವಾರ ಬೆಳಗಾದರೆ ಗೋಡೆಯ ಸ್ವಿಚ್ಚು ಆರಿಸಿ, ವೈರು ಕಿತ್ತು, ಮೇಲೊಂದು ಕೆಂಪು ವಸ್ತ್ರ ಹೊದಿಸಿ, "ಮಲಗೈತೆ, ಯಾರೂ ಎಬ್ಬಿಸ್ಬ್ಯಾಡಿ" ಎಂದು ಅಪ್ಪಣೆ ಕೊಡುತ್ತಿದ್ದರು. ಮಗಳು ಸೋಮವಾರದ ಓದಿಗೆಲ್ಲ ಗೆಳತಿಯ ಮನೆಗೆ ಹೋಗಿಯೇ ಪಾಸಾದಳು.

ಅವಳು ಮದುವೆಯಾಗಿ ಚಿಕ್ಕಲಸಂದ್ರಕ್ಕೆ ಹೋದ ಮೇಲೆ ಕಂಪ್ಯೂಟರು ಪೂರ್ತಿ ಮಾವನವರ ವಶವಾಯಿತು. ಊಟವಾದ ಮೇಲೆ ಅದರ ಮುಂದೆ ಕೂತು ದನದ ಸಂತೆಯ ವಿಡಿಯೋ ನೋಡುವುದು ಅವರ ಅಭ್ಯಾಸ. ನನಗೇನೂ ತಕರಾರಿರಲಿಲ್ಲ. ಅದು ಕೆಲಸ ಮಾಡಿದರೆ ಏನು, ಮಲಗಿದರೆ ಏನು, ನನಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ವಾರಕ್ಕೊಮ್ಮೆ ಮೇಜು ಒರೆಸುತ್ತಿದ್ದೆ, ಅಷ್ಟೆ.

ಸಂಬಂಧ ಬಂದದ್ದು ಮಗಳಿಂದ. ನಾನು ಮದುವೆಗೆ ಮುಂಚೆ ಟೀಚರ್ ಟ್ರೈನಿಂಗ್ ಮುಗಿಸಿದವಳು. ಮುಗಿದ ತಿಂಗಳೇ ಮದುವೆ. ಕೆಲಸದ ಮಾತು ಬಂದಾಗ, "ಆಮೇಲೆ ನೋಡೋಣ" ಅಂದರು. ಆಮೇಲೆ ಯಾರೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಒಂದು ದಿನ ಮಗಳು ಫೋನ್ ಮಾಡಿ, ಹೊರ ಊರುಗಳಲ್ಲಿರುವ ಕನ್ನಡದ ಮಕ್ಕಳಿಗೆ ಕಂಪ್ಯೂಟರಿನಲ್ಲೇ ಕನ್ನಡ ಕಲಿಸುವವರಿದ್ದಾರೆ, ಟೀಚರುಗಳನ್ನು ಹುಡುಕುತ್ತಿದ್ದಾರೆ, ನಿನ್ನ ಹೆಸರು ಕೊಟ್ಟಿದ್ದೇನೆ ಅಂದಳು. ಮೊದಲು ಒಂದು ಪರೀಕ್ಷೆಯ ಪಾಠ ಮಾಡಬೇಕು, ಒಪ್ಪಿಗೆಯಾದರೆ ಕೆಲಸ.

"ಯಾರನ್ನ ಕೇಳಿ ಕೊಟ್ಟೆ?" ಎಂದು ಅವಳನ್ನು ಚೆನ್ನಾಗಿ ಬೈದೆ. ಫೋನ್ ಇಟ್ಟವಳು ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ. ಆ ಕೆಲಸ ನನಗೆ ಎಷ್ಟು ಬೇಕಾಗಿತ್ತು ಅನ್ನುವುದು ನನಗೇ ಗೊತ್ತಿರಲಿಲ್ಲ. ಈ ವಯಸ್ಸಿನಲ್ಲಿ ಇಷ್ಟೊಂದು ಆಸೆ ಹುಟ್ಟಿದರೆ ನಾಚಿಕೆಯೂ ಆಗುತ್ತದೆ, ಭಯವೂ ಆಗುತ್ತದೆ. ಎರಡೂ ಆದವು.

ಪರೀಕ್ಷೆಯ ಪಾಠ ಒಂದು ಗುರುವಾರ ಬಂತು. ಇಳಕಲ್ ಸೀರೆ ಉಟ್ಟು, ತಲೆ ಬಾಚಿ, ಕುಕ್ಕರನ್ನು ಮೊದಲೇ ಇಳಿಸಿ ಕೂತೆ. ಕಂಪ್ಯೂಟರು ಎದ್ದು ಕಣ್ಣುಬಿಡುವ ಹೊತ್ತಿಗೆ ನಾನು ಅನ್ನಕ್ಕೆ ಇಟ್ಟು ಬರಬಹುದಾಗಿತ್ತು. ಕೊನೆಗೂ ತೆರೆಯಿತು. ಪುಣೆ, ಮುಂಬೈ, ದುಬೈ ಮಕ್ಕಳ ಪುಟ್ಟ ಪುಟ್ಟ ಮುಖಗಳು ಚೌಕಗಳಲ್ಲಿ ಕೂತಿದ್ದವು, ಒಂದು ಚೌಕದಲ್ಲಿ ನನ್ನನ್ನು ಪರೀಕ್ಷಿಸುವ ಮೇಡಂ. "ಮಕ್ಕಳೇ, ಇವತ್ತು ನಾವು ಆ..." ಅಂದೆ. ಅಲ್ಲಿಗೆ ನಿಂತಿತು. ಫ್ಯಾನು ಭರ್ರೋ ಅಂತ ಕೂಗುತ್ತಿದೆ, ಮಕ್ಕಳು ಅಲ್ಲಾಡುತ್ತಿಲ್ಲ, ನಾನು ಒತ್ತಿದ್ದೇನೂ ನಡೆಯುತ್ತಿಲ್ಲ. ಆ ಕಡೆಯವರಿಗೆ ನಾನು ಬಾಯಿ ತೆರೆದು, ಒಂದು ಕಣ್ಣು ಮುಚ್ಚಿ, ಸೀನು ಬರುತ್ತಿದೆಯೇನೋ ಎಂಬ ಹಾಗೆ ಅಷ್ಟೂ ಹೊತ್ತು ಕಾಣುತ್ತಿದ್ದೆನಂತೆ. ಒಂದು ಮಗುವಂತೂ ಗಾಬರಿಯಾಗಿ ಅವರಮ್ಮನನ್ನು ಕರೆಯಿತಂತೆ.

ಸಂಜೆ ಆ ಮೇಡಂ ಫೋನ್ ಮಾಡಿದರು. ತುಂಬ ಮರ್ಯಾದೆಯ ಹೆಂಗಸು. "ಮೇಡಂ, ನೀವು ಶುರು ಮಾಡಿದ ರೀತಿ ಚೆನ್ನಾಗಿತ್ತು. ಇನ್ನೊಂದು ಸಲ ನೋಡೋಣ. ಆದ್ರೆ ಅವತ್ತೂ ಹಿಂಗೇ ಆದ್ರೆ ನಮಗೆ ಕಷ್ಟ ಆಗುತ್ತೆ. ಬರೋ ಸೋಮವಾರ ನಾಲ್ಕು ಗಂಟೆಗೆ ಆಗುತ್ತಾ?"

"ಆಗುತ್ತೆ, ಆಗುತ್ತೆ" ಅಂದೆ. ಯಾವ ವಾರ ಅಂದರು ಎಂಬುದು ತಲೆಗೆ ಹೋಗಿದ್ದು ಫೋನ್ ಇಟ್ಟ ಮೇಲೆ.

ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ, "ಹೊಸದು ತಗೊಂಡುಬಿಡೋಣ ಬಿಡೇ" ಅಂದರು. ಕನಕಪುರ ರಸ್ತೆಯಲ್ಲಿ ಅವರದು ಪೇಂಟಿನ ಅಂಗಡಿ. ಹಳೇ ಗೋಡೆ ಕೆರೆಯುವುದಕ್ಕಿಂತ ಹೊಸ ಬಣ್ಣ ಬಳಿಯುವುದು ಸುಲಭ ಎಂದು ನಂಬಿದವರು.

ಮಾವನವರ ಕೈಯಲ್ಲಿದ್ದ ಮುದ್ದೆಯ ತುತ್ತು ಅಲ್ಲೇ ನಿಂತಿತು. "ಎತ್ತು ಒಂದು ಸಲ ಮುಗ್ಗರಿಸ್ತು ಅಂತ ಕಸಾಯಿಗೆ ಹೊಡೀತೀಯೇನಲಾ?"

ಗಂಡ ತಲೆ ತಗ್ಗಿಸಿ ಸಾರು ಕಲಸಿಕೊಂಡರು. ನನಗೂ ಹೊಸದು ಬೇಡವಾಗಿತ್ತು, ಕಾರಣ ಬೇರೆ. ಹೊಸ ಕಂಪ್ಯೂಟರು ಬಂದು, ಕೆಲಸ ಸಿಗದೇ ಹೋದರೆ? ಅದು ಹಾಲ್‌ನಲ್ಲಿ ಕೂತುಕೊಂಡು ದಿನಾ ನನ್ನ ಸೋಲನ್ನು ಬಂದವರಿಗೆಲ್ಲ ತೋರಿಸುತ್ತಿರುತ್ತದೆ. ಇರುವುದನ್ನೇ ಸರಿಮಾಡುತ್ತೇನೆ ಅಂದೆ. ಸೋಮವಾರದ ವಿಷಯ ಮಾತ್ರ ಬಾಯಿಬಿಡಲಿಲ್ಲ. ಮೊದಲು ಯಂತ್ರ ಸರಿಯಾಗಲಿ, ಮಾವನವರನ್ನು ಆಮೇಲೆ ಸರಿಮಾಡಿದರಾಯಿತು ಅಂದುಕೊಂಡೆ.

ಮಾರನೆಯ ದಿನ ಮಗಳಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಮೇಜಿನ ಮೇಲಿಟ್ಟುಕೊಂಡು ಕೂತೆ. ಅವಳಿಗೆ ಅಆಇಈ ಕಲಿಸುವಾಗ ನಾನು ಎಷ್ಟು ರೇಗಿದ್ದೆನೋ ಅಷ್ಟನ್ನೂ ಬಡ್ಡಿ ಸಮೇತ ತೀರಿಸಿಕೊಂಡಳು.

"ಅಮ್ಮಾ, ಫಸ್ಟು ಪ್ಲಗ್ ಕಿತ್ತಿದೀಯಾ?"

"ಕಿತ್ತಿದೀನಿ."

"ನೋಡ್ಕೊಂಡು ಹೇಳು."

"ಕಿತ್ತಿದೀನಿ ಅಂದ್ನಲ್ಲೇ!"

"ಹಂಗಾದ್ರೆ ಫ್ಯಾನ್ ಶಬ್ದ ಯಾಕೆ ಬರ್ತಿದೆ?"

ಕಿತ್ತಿದ್ದು ಪಕ್ಕದ ಮೊಬೈಲ್ ಚಾರ್ಜರು. ಸರಿ, ಕಂಪ್ಯೂಟರಿನದನ್ನೂ ಕಿತ್ತೆ. ಡಬ್ಬಿಯ ಪಕ್ಕದ ತಗಡನ್ನು ಬಿಚ್ಚುವುದಕ್ಕೂ, ಶುಕ್ರವಾರವಾದ್ದರಿಂದ ಮಾವನವರು ಸಾಂಬ್ರಾಣಿ ಧೂಪ ಹಿಡಿದು ಬರುವುದಕ್ಕೂ ಸರಿಹೋಯಿತು. ಇಬ್ಬರೂ ಒಟ್ಟಿಗೇ ಒಳಗೆ ಇಣುಕಿದೆವು.

ಅಯ್ಯೋ ಶಿವನೇ. ಫ್ಯಾನಿನ ರೆಕ್ಕೆಗಳು ಕಾಣಿಸುತ್ತಲೇ ಇರಲಿಲ್ಲ. ಕನಕಪುರ ರಸ್ತೆಯ ಧೂಳು ಅಷ್ಟೂ ಸಾಂಬ್ರಾಣಿಯ ಜಿಡ್ಡಿಗೆ ಅಂಟಿಕೊಂಡು, ಕಂಬಳಿಯ ತುಂಡಿನಷ್ಟು ದಪ್ಪವಾಗಿ ಕೂತಿತ್ತು. ತಳದಲ್ಲಿ ಒಣಗಿದ ಕನಕಾಂಬರ, ಅಕ್ಷತೆ ಕಾಳು, ಕುಂಕುಮದ ಪುಡಿ, ಒಡೆದ ಹಲ್ಲಿ ಮೊಟ್ಟೆ.

ಮಾವನವರು ಸ್ವಲ್ಪ ಹೊತ್ತು ಭಕ್ತಿಯಿಂದ ನೋಡಿದರು. "ನೋಡವ್ವ, ಇಷ್ಟು ವರ್ಸ ಮಾಡಿದ ಪೂಜೆ ಒಂಚೂರೂ ವ್ಯರ್ಥ ಆಗಿಲ್ಲ. ಎಲ್ಲಾ ಒಳಗೇ ಐತೆ."

ನನಗೆ ಪಿತ್ತ ನೆತ್ತಿಗೇರಿತು. "ಅದಕ್ಕೇ ಮಾವ ಅದಕ್ಕೆ ಉಸಿರಾಡಕ್ಕಾಗ್ತಿಲ್ಲ! ಬಿಸಿ ಗಾಳಿ ಆಚೆ ಹೋಗ್ಬೇಕು ಅಂತ ಫ್ಯಾನ್ ಇಟ್ಟಿದಾರೆ, ನೀವು ಅದರ ಮೂಗಿಗೇ ಹೊಗೆ ಹಾಕಿದೀರ."

ಉಸಿರು ಅಂದದ್ದೇ ತಡ, ಮಾವನವರ ಮುಖ ಪೆಚ್ಚಾಯಿತು. ಧೂಪದ ಬಟ್ಟಲನ್ನು ದೂರ, ಹಿತ್ತಲ ಬಾಗಿಲ ಹೊರಗೆ ಇಟ್ಟು ಬಂದರು. ಆಮೇಲೆ ಪಂಚೆ ಮೇಲೆ ಕಟ್ಟಿ ನೆಲದ ಮೇಲೆ ಕೂತೇಬಿಟ್ಟರು. ಎಂಬತ್ತು ದಾಟಿದ ಮನುಷ್ಯ. ಗಂಡನ ಅಂಗಡಿಯಿಂದ ತರಿಸಿದ ಹೊಸ ಪೇಂಟ್ ಬ್ರಷ್ಷಿನಲ್ಲಿ ರೆಕ್ಕೆ ರೆಕ್ಕೆಯನ್ನೂ ಬಿಡಿಸಿ ಬಿಡಿಸಿ ಉಜ್ಜಿದರು. "ಹಾಂ, ಹಾಂ, ಆಯ್ತು, ಆಯ್ತು" ಎಂದು ಅದನ್ನು ಸಮಾಧಾನಪಡಿಸುತ್ತ, ಮೂಲೆ ಮೂಲೆಯ ಕಸವನ್ನೂ ಬೆರಳಿನಿಂದ ಹೆಕ್ಕಿದರು. ಸೈಕಲ್ ಪಂಪಿನಿಂದ ನಾನು ಗಾಳಿ ಊದಿದೆ. ಫ್ಯಾನು ತಾನೇ ಗಿರಗಿರ ತಿರುಗದ ಹಾಗೆ ಬೆರಳಿಟ್ಟು ಹಿಡಿಯಿರಿ ಎಂದು ಫೋನಿನಿಂದ ಅಪ್ಪಣೆಯಾಯಿತು, ಮಾವನವರು ಹಿಡಿದರು. ಇಬ್ಬರ ಮುಖವೂ ಒಲೆಯೊಳಗೆ ತಲೆ ಹಾಕಿದವರ ಹಾಗಾಗಿತ್ತು.

ಇದ್ದಕ್ಕಿದ್ದ ಹಾಗೆ ಮಗಳು ಕೇಳಿದಳು, "ಅಮ್ಮಾ, ತಾತ ಎಲ್ಲಿ? ಮಾತೇ ಕೇಳಿಸ್ತಿಲ್ಲ."

ತಿರುಗಿ ನೋಡಿದರೆ ಮಾವನವರು ಬಚ್ಚಲಿನಿಂದ ತಂಬಿಗೆ ನೀರು ಹಿಡಿದು ಬರುತ್ತಿದ್ದರು. "ನೀರು ಬೇಡ ಮಾವ!" ಎಂದು ನಾನು ಕಿರುಚಿದೆ, "ನೀರಾ? ಬೇಡ ತಾತ!" ಎಂದು ಫೋನೂ ಕಿರುಚಿತು. "ಇಷ್ಟು ಉಜ್ಜಿದ ಮ್ಯಾಲೆ ಮೈ ತೊಳೀದೆ ಬುಡಕ್ಕಾಯ್ತದಾ?" ಎಂದು ಅವರಿಗೇ ಆಶ್ಚರ್ಯ. ಆ ನೀರನ್ನು ತುಳಸಿಗೆ ಹಾಕಿಸುವಷ್ಟರಲ್ಲಿ ಸಾಕುಬೇಕಾಯಿತು.

ಒಣಗಿದ ಬಟ್ಟೆಯಲ್ಲಿ ಒರೆಸಿ, ತಗಡು ಮುಚ್ಚಿ, ಡಬ್ಬಿಯನ್ನು ಗೋಡೆಯಿಂದ ಸ್ವಲ್ಪ ಈಚೆಗೆ ಎಳೆದಿಟ್ಟು ಹಚ್ಚಿದೆವು. ಫ್ಯಾನಿನ ಗೊರಕೆ ನಿಂತಿತ್ತು. ಮಾವನವರು ಅದರ ಬೆನ್ನ ಮೇಲೆ ಅಂಗೈ ಇಟ್ಟು ನೋಡಿ, "ಜ್ವರ ಬಿಟ್ಟೈತೆ" ಅಂದರು.

ಶನಿವಾರ ಒಳಗಿನ ಕಸದ ಸರದಿ. ಒಳಗೆ ಅಂದರೆ ತೆರೆಯ ಒಳಗೆ. ಕಂಪ್ಯೂಟರು ಎದ್ದಕೂಡಲೇ ಅದರ ಜೊತೆ ಯಾರುಯಾರು ಏಳುತ್ತಾರೆ ಎಂದು ನೋಡಲು ಮಗಳು ಫೋನಿನಲ್ಲೇ ಹೇಳಿ ಒಂದು ಪಟ್ಟಿ ತೆರೆಸಿ ಓದಿಸಿದಳು. ಮದುವೆ ಮನೆಯಲ್ಲಿ ಬೆಳಗ್ಗೆ ಎಲ್ಲರೂ ಒಂದೇ ಬಚ್ಚಲಿನ ಮುಂದೆ ನಿಂತ ಹಾಗೆ ನಿಂತಿದ್ದರು. ಯಾರು ಇವರೆಲ್ಲ? ಯಾವುದೋ ಆಟ, ಯಾವುದೋ ಹವಾಮಾನದ ಸೂಚನೆ, ನಮ್ಮ ಮನೆಯಲ್ಲಿ ಇಲ್ಲವೇ ಇಲ್ಲದ ಪ್ರಿಂಟರಿನ ಸಹಾಯಕ. ಬೇಡದವರನ್ನೆಲ್ಲ ಒಬ್ಬೊಬ್ಬರಾಗಿ ಮಲಗಿಸಿದೆ. ಇವುಗಳ ನಡುವೆ ಮೂರು ಮೂರು ಆಂಟಿವೈರಸ್ಸು.

"ಮೂರು ಯಾಕಮ್ಮಾ? ಮೂರು ಜನ ವಾಚ್‌ಮನ್ ಒಬ್ಬರನ್ನೊಬ್ಬರು ಕಳ್ಳ ಅಂತ ಹಿಡ್ಕೊಂಡು ಕೂತಿದಾರೆ. ಒಂದು ಇಟ್ಕೊಂಡು ಉಳಿದಿದ್ದು ತೆಗಿ."

"ನಾನು ಹಾಕಿಲ್ಲ ಕಣೇ."

ಹಾಕಿದವರು ಹಿಂದೆ ಈಸಿ ಚೇರಿನಲ್ಲಿ ಕೂತಿದ್ದರು. ವಿಡಿಯೋ ನೋಡುವಾಗ ನಡುನಡುವೆ ಏನೇನೋ ಚೌಕ ಬಂದು 'ಹಾಕಿಕೊಳ್ಳಲೇ?' 'ಒಪ್ಪಿಗೆಯೇ?' 'ಸುದ್ದಿ ಕಳಿಸಲೇ?' ಎಂದು ಕೇಳುತ್ತದಂತೆ. ಮಾವನವರು ಎಲ್ಲದಕ್ಕೂ ಆಗಲಿ ಎಂದು ಒತ್ತುತ್ತಿದ್ದರಂತೆ.

"ಅಲ್ಲ ಮಾವ, ಏನು ಎತ್ತ ನೋಡ್ದೆ ಒತ್ತೋದಾ?"

"ಮನೆ ಬಾಗ್ಲಿಗೆ ಬಂದು ಅಷ್ಟು ಮರ್ವಾದೆಯಿಂದ ಕೇಳ್ತವೆ. ಇಲ್ಲ ಅನ್ನಕ್ಕೆ ಬಾಯಿ ಬರ್ತದಾ?"

ಫೋನಿನಲ್ಲಿ ಮಗಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ನನಗೂ ನಗು ಬಂತು, ಆದರೆ ಟೀಚರ್ ಆಗುವವಳು ಗಂಭೀರವಾಗಿರಬೇಕೆಂದು ತಡೆದುಕೊಂಡೆ. ಆ ಒಪ್ಪಿಗೆಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ಮಧ್ಯಾಹ್ನವಾಯಿತು.

ಆಮೇಲೆ ಜಾಗದ ಪ್ರಶ್ನೆ ಬಂತು. ಡಿಸ್ಕು ತುಂಬಿ ಕೆಂಪು ಗೀಟು ತೋರಿಸುತ್ತಿತ್ತು. ಕಂಪ್ಯೂಟರಿಗೂ ಕೈಕಾಲು ಆಡಿಸಲು ಸ್ವಲ್ಪ ಜಾಗ ಬೇಕಂತೆ, ಇಲ್ಲದಿದ್ದರೆ ತೆವಳುತ್ತದಂತೆ. ತಿಜೋರಿಯಂತೆ ತುಂಬಿದ್ದು ಏನೆಂದು ನೋಡಿದರೆ ಎತ್ತು. ಬರೀ ಎತ್ತು. ಮೇಲಿನ ಮನೆಯ ಬಾಡಿಗೆಯವರು ವಿಡಿಯೋ ಇಳಿಸಿಕೊಳ್ಳುವುದನ್ನು ಮಾವನವರಿಗೆ ಕಲಿಸಿಕೊಟ್ಟಿದ್ದರು. ಇವರು ಕಂಡ ಸಂತೆಯನ್ನೆಲ್ಲ ಇಳಿಸಿ ಇಟ್ಟಿದ್ದರು. ಒಂದೇ ಸಂತೆ ಎರಡೆರಡು ಸಲ.

"ಇದನ್ನೆಲ್ಲ ತೆಗೀಬೇಕು ಮಾವ" ಅಂದೆ.

ಅವರು ಎದ್ದು ತೆರೆಯ ಹತ್ತಿರ ಬಂದರು. ನಾನೇ ಮತ್ತೆ ಕೇಳಿದೆ, "ಇಷ್ಟೊಂದು ಯಾಕೆ ಇಟ್ಕೊಂಡಿದೀರ? ಎಲ್ಲಾ ಎತ್ತೂ ಒಂದೇ ಥರ ಅಲ್ವಾ?"

"ಒಂದೇ ಥರ ಎಲ್ಲಿದಾವು? ನಮ್ಮ ಜೋಡಿ ಹಂಗಿರೋವು ಒಂದಾದ್ರೂ ಕಾಣಸ್ತದೇನೋ ಅಂತ ನೋಡ್ತೀನಿ. ಸೈಟ್ ಮಾಡಿದಾಗ ಮಾರಿದ್ವಲ್ಲ, ಆ ಜೋಡಿ. ಒಂದು ಫೋಟೋ ತೆಗೆಸ್ಲಿಲ್ಲ ಕಣವ್ವ. ಮಕ ಮರ್ತೋಯ್ತಾ ಅದೆ."

ನನ್ನ ಕೈ ಮೌಸಿನ ಮೇಲೇ ನಿಂತುಹೋಯಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಅವರು ಊಟವಾದ ಮೇಲೆ ದಿನಾ ಏನು ಹುಡುಕುತ್ತಾರೆಂದು ನಾವ್ಯಾರೂ ಕೇಳಿರಲಿಲ್ಲ. ಗಂಡನಿಗೆ ಫೋನ್ ಮಾಡಿ ದೊಡ್ಡದೊಂದು ಪೆನ್‌ಡ್ರೈವ್ ತರಿಸಿದೆ. ಅದಕ್ಕೆ ಎಲ್ಲ ಎತ್ತುಗಳನ್ನೂ ಸಾಗಿಸಿದೆವು. ಅವು ಹೋಗುತ್ತಿರುವಾಗ ಒಂದೂ ಬಿಡದೆ ಹೋದವೇ ಎಂದು ಮಾವನವರು ಪಕ್ಕದಲ್ಲೇ ನಿಂತು ನೋಡಿಕೊಂಡರು. ಪೆನ್‌ಡ್ರೈವನ್ನು ದೇವರ ಪಟದ ಹಿಂದೆ ಇಟ್ಟುಕೊಂಡರು.

ಕಂಪ್ಯೂಟರು ಈಗ ಚುರುಕಾಗಿತ್ತು. ಕೊನೆಗೆ ಮಗಳು ಒಂದು ಪ್ರಶ್ನೆ ಕೇಳಿದಳು, "ದಿನಾ ಕೆಲಸ ಆದ್ಮೇಲೆ ಶಟ್‌ಡೌನ್ ಮಾಡ್ತೀರ ತಾನೆ?" ಯಾರೂ ಮಾಡುತ್ತಿರಲಿಲ್ಲ. ತೆರೆ ಕಪ್ಪಾದರೆ ಮುಗಿಯಿತು ಎಂದುಕೊಂಡಿದ್ದೆವು. ಅದು ವಾರವೆಲ್ಲ ಅರೆನಿದ್ದೆಯಲ್ಲಿದ್ದು, ತೆರೆದ ಒಂದನ್ನೂ ಮುಚ್ಚದೆ ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡಿರುತ್ತದಂತೆ. ಪೂರ್ತಿ ಆರಿಸಿ ಹಚ್ಚಿದರೆ ತಲೆ ಹಗುರ. ಸೋಮವಾರದ ರಜೆ ಮುಗಿಸಿ ಮಂಗಳವಾರ ಅದು ಚುರುಕಾಗಿ ಓಡುತ್ತದೆ ಎಂದು ಮಾವನವರು ಹೇಳುತ್ತಿದ್ದುದರ ಗುಟ್ಟು ಆಗ ನನಗೆ ಹೊಳೆಯಿತು. ಮಾವನವರಿಗೆ ಬಿಡಿಸಿ ಹೇಳಿದೆ, ಇದು ಬಸವಣ್ಣನ ವಾರದ ಮಹಿಮೆ ಅಲ್ಲ, ಯಾವ ದಿನ ಆರಿಸಿ ಹಚ್ಚಿದರೂ ಇಷ್ಟೇ.

"ನಾನು ಇನ್ನೇನು ಹೇಳ್ತಿದ್ದೆ?" ಎಂದು ಅವರು ಮಗಳಿಗೂ ಕೇಳುವ ಹಾಗೆ ಅಂದರು. "ದುಡಿಯೋ ಜೀವಕ್ಕೆ ರಜಾ ಬೇಕು ಅಂತ್ಲೇ ತಾನೆ?"

ಭಾನುವಾರ ಮಧ್ಯಾಹ್ನ, ಇನ್ನು ತಡಮಾಡುವಂತಿಲ್ಲ ಎಂದು ವಿಷಯ ಎತ್ತಿದೆ. ಅಡುಗೆಮನೆಯ ಬಾಗಿಲಲ್ಲಿ ಕೂತು ಅವರೆಕಾಳು ಹಿಸುಕಿ ಸಿಪ್ಪೆ ತೆಗೆಯುತ್ತಿದ್ದೆ. ಮಾವನವರು ಹಾಲಿನಲ್ಲಿದ್ದರು, ಗಂಡ ಪೇಪರ್ ಹಿಡಿದಿದ್ದರು.

"ಮಾವ, ನನ್ನ ಪಾಠ ನಾಳೆ ನಾಲ್ಕು ಗಂಟೆಗೆ."

"ನಾಳೆ ಸೋಮವಾರ."

"ಗೊತ್ತು ಮಾವ."

"ಮಂಗಳವಾರ ಇಟ್ಕೊಳಕ್ಕೇಳು."

"ಅವರು ಕೊಟ್ಟಿರೋದೇ ಕೊನೇ ಅವಕಾಶ. ದಿನ ಬದಲಾಯಿಸಿ ಅಂತ ನಾನು ಯಾವ ಬಾಯಲ್ಲಿ ಕೇಳ್ಲಿ?"

"ನೋಡವ್ವ, ಎರಡು ದಿನ ಮೈ ಉಜ್ಜಿ, ಜ್ವರ ಬಿಡಿಸಿ, ಈಗ ಅದರ ವಾರದ ದಿನವೇ ಹೆಗಲಿಗೆ ಕಟ್ತೀನಿ ಅಂದ್ರೆ ಹೆಂಗೆ? ನಮ್ಮಪ್ಪ ಕಟ್ಟಿಲ್ಲ, ನಾನು ಕಟ್ಟಿಲ್ಲ. ಪಾಪ, ಬಾಯಿಲ್ಲದ್ದು. ಅದಕ್ಕೂ ಒಂದು ದಿನ ಅನ್ನೋದು ಬೇಡವಾ?"

ಅದೇನಾಯಿತೋ ನನಗೆ. ಅವರೆಕಾಳಿನ ಪಾತ್ರೆಯನ್ನು ನೆಲಕ್ಕೆ ಕುಕ್ಕಿ ಎದ್ದು ನಿಂತೆ.

"ಎತ್ತಿಗೆ ಸೋಮವಾರ ರಜಾ. ಕಂಪ್ಯೂಟರಿಗೆ ಸೋಮವಾರ ರಜಾ. ಇವರ ಅಂಗಡಿಗೆ ಭಾನುವಾರ ರಜಾ. ನನಗೆ ಯಾವ ವಾರ ಮಾವ? ಈ ಮನೆಗೆ ಬಂದಾಗಿನಿಂದ ಒಂದೇ ಒಂದು ದಿನ ನಾನು ಒಲೆ ಹಚ್ಚದೇ ಇರೋದು ನೋಡಿದೀರ? ಜ್ವರ ಬಂದ ದಿನಾನೂ ಮುದ್ದೆ ತಿರುವಿದೀನಿ. ಅದು ಬಾಯಿಲ್ಲದ್ದು ಅಂತ ನೀವೆಲ್ಲಾ ಅದರ ಪರವಾಗಿ ಮಾತಾಡ್ತೀರ. ನನಗೆ ಬಾಯಿದೆ ಅಂತ ಯಾರೂ ಕೇಳಲ್ವಾ?"

ಗಂಡ ಪೇಪರಿನ ಹಿಂದೆ ಪೂರ್ತಿ ಮರೆಯಾದರು, ಪಾದ ಮಾತ್ರ ಕಾಣುತ್ತಿತ್ತು. ಇಷ್ಟು ಮಾತು ನನ್ನೊಳಗಿತ್ತೆಂದು ನನಗೂ ಗೊತ್ತಿರಲಿಲ್ಲ. ಮಾವನವರು ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ ಎದ್ದು ಹೊರಗೆ ಹೋಗಿ, ಬಾಡಿಗೆಯವರ ಬೈಕುಗಳ ನಡುವೆ ಮೆಟ್ಟಿಲ ಮೇಲೆ ಕೂತರು. ಸಂಜೆಯವರೆಗೂ ಅಲ್ಲೇ ಕೂತಿದ್ದರು. ಊಟಕ್ಕೆ ಕರೆದರೆ ಬಂದು ಉಂಡು ಹೋದರು. ಅವರ ಮುದ್ದೆಗೆ ಒಂದು ಚಮಚ ತುಪ್ಪ ಹೆಚ್ಚಾಗಿಯೇ ಹಾಕಿದ್ದೆ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ, ತೆಗೆದುಕೊಳ್ಳಲೂ ಇಲ್ಲ.

ಸೋಮವಾರ ಬೆಳಗ್ಗೆ ನೋಡಿದರೆ ಕಂಪ್ಯೂಟರಿನ ಮೇಲೆ ಕೆಂಪು ವಸ್ತ್ರ ಹೊದಿಸಿತ್ತು, ವೈರು ಕಿತ್ತಿತ್ತು. ಹಲ್ಲು ಕಚ್ಚಿಕೊಂಡು ಕೆಲಸ ಮಾಡಿದೆ. ಮೂರೂವರೆಗೆ ಏನಾದರಾಗಲಿ, ನಾನೇ ವಸ್ತ್ರ ತೆಗೆದು ಹಚ್ಚುವುದು, ಬೈದರೆ ಬೈಸಿಕೊಳ್ಳುವುದು ಎಂದು ಗಟ್ಟಿ ಮಾಡಿಕೊಂಡೆ. ಸೀರೆ ಉಟ್ಟು ಹಾಲಿಗೆ ಬಂದೆ. ವಸ್ತ್ರ ಮಡಿಸಿ ಕುರ್ಚಿಯ ಮೇಲಿತ್ತು. ವೈರುಗಳೆಲ್ಲ ಅವುಗಳ ಜಾಗದಲ್ಲಿದ್ದವು. ಕಂಪ್ಯೂಟರು ಆಗಲೇ ಎದ್ದಿತ್ತು, ಪಕ್ಕದಲ್ಲಿ ಟೇಬಲ್ ಫ್ಯಾನು ಅದರ ಕಡೆಗೇ ತಿರುಗಿ ಬೀಸುತ್ತಿತ್ತು. ಮಾವನವರು ಬಾಗಿ, ಡಬ್ಬಿಯ ಮೇಲೆ ಕೈಯಿಟ್ಟು, ಅದಕ್ಕೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳುತ್ತಿದ್ದರು: "ಇವತ್ತೊಂದಿನ ಸೈರಿಸ್ಕೋ ಕಂದ. ಮಾನ ಉಳಿಸು."

ನನ್ನನ್ನು ಕಂಡು ಸರಿದು ಹಿಂದೆ ಈಸಿ ಚೇರಿನಲ್ಲಿ ಕೂತರು. ನಾನು ಕುರ್ಚಿಯ ಮೇಲಿನ ವಸ್ತ್ರ ಎತ್ತಿಟ್ಟು ಕೂತೆ.

ಪಾಠ ಶುರುವಾಯಿತು. ಅವೇ ಮುಖಗಳು, ಅದೇ ಮೇಡಂ. "ಮಕ್ಕಳೇ, ಇವತ್ತು ನಾವು ಆಡು, ಆನೆ, ಎತ್ತು ಕಲಿಯೋಣ" ಅಂದೆ. ಮಕ್ಕಳು ಅಲ್ಲಾಡಿದರು! ಅಲ್ಲಾಡುವ ಮಕ್ಕಳನ್ನು ನೋಡಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಆಡು ಮುಗಿಯಿತು, ಆನೆ ಮುಗಿಯಿತು. ಎತ್ತಿನ ಚಿತ್ರ ತೋರಿಸುವ ಹೊತ್ತಿಗೆ ತೆರೆಯ ಮೂಲೆಯಲ್ಲಿ ಒಂದು ಚೌಕ ಪುಟಕ್ಕನೆ ಎದ್ದಿತು. ಅಪ್‌ಡೇಟ್ ಸಿದ್ಧವಾಗಿದೆ, ಈಗಲೇ ಆರಿಸಿ ಹಚ್ಚಲೇ? ಮೌಸು ಎಲ್ಲಿದೆ, ಬಾಣ ಎಲ್ಲಿದೆ, ಒಂದೂ ಕಾಣಲಿಲ್ಲ. ಹಿಂದಿನಿಂದ ಮಾವನವರು ಪಿಸುದನಿಯಲ್ಲಿ, ಆದರೆ ಇಡೀ ತರಗತಿಗೆ ಕೇಳುವ ಹಾಗೆ, "ಇಲ್ಲ ಅನ್ನು! ಇಲ್ಲ ಅನ್ನು!" ಅಂದರು. ಇಲ್ಲ ಅಂದೆ. ಚೌಕ ಹೋಯಿತು.

"ಟೀಚರ್, ಅದ್ಯಾರು?" ದುಬೈ ಹುಡುಗಿ ಕೇಳಿತು.

"ಅವರು ಅಜ್ಜ. ಎತ್ತು ಸಾಕಿದ್ದವರು."

"ಎತ್ತನ್ನ ಹೆಂಗೆ ಕರೆಯೋದು?"

ನಾನು ತಿರುಗಿ ನೋಡಿದೆ. ಮಾವನವರು ಒಂದು ಗಳಿಗೆ ಮುದುರಿಕೊಂಡರು. ಆಮೇಲೆ ಎದ್ದು ಬಂದು ನನ್ನ ಹೆಗಲ ಮೇಲಿಂದ ಬಾಗಿ, ನಾಲಿಗೆ ಲೊಚಗುಟ್ಟಿಸಿ, "ಹೋ... ಬಾ ಬಾ ಬಾ, ಬಾರೋ ನನ್ನಪ್ಪಾ" ಎಂದು ಕೂಗಿದರು. ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳುವಂಥ ದನಿ. ಮಕ್ಕಳೆಲ್ಲ ಒಟ್ಟಿಗೇ ನಾಲಿಗೆ ಲೊಚಗುಟ್ಟಿಸತೊಡಗಿದವು. ಪರೀಕ್ಷೆ ಮಾಡಲು ಕೂತಿದ್ದ ಮೇಡಮ್ಮೂ ಲೊಚಗುಟ್ಟಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಕಂಪ್ಯೂಟರು ಕೊನೆಯವರೆಗೆ ಒಂದು ಸಲವೂ ನಿಲ್ಲಲಿಲ್ಲ.

ಸಂಜೆ ಫೋನ್ ಬಂತು. ಕೆಲಸ ಸಿಕ್ಕಿತ್ತು. ಬರುವ ವಾರದಿಂದಲೇ ತರಗತಿ. ಫೋನ್ ಇಟ್ಟವಳು ಅಡುಗೆಮನೆಗೆ ಹೋಗಿ, ಸಿಂಕಿನ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ಅತ್ತೆ. ಮುಖ ತೊಳೆದು ಬಂದು ಹಾಲಿನಲ್ಲಿ ಹೇಳಿದೆ. ಗಂಡ ಮೈಸೂರ್ ಪಾಕ್ ತರುತ್ತೇನೆಂದು ಚಪ್ಪಲಿ ಹಾಕಿಕೊಂಡರು.

ಮಾವನವರು ಕೇಳಿದ್ದು ಒಂದೇ. "ಯಾವ ಯಾವ ವಾರ?"

"ಸೋಮವಾರ, ಬುಧವಾರ, ಶುಕ್ರವಾರ" ಅಂದೆ. ಸೋಮವಾರ ಅನ್ನುವಾಗ ದನಿ ತಾನೇ ತಗ್ಗಿತು.

ಅವರು ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು. "ಹಂಗಾದ್ರೆ ಮಂಗಳವಾರ ಇಟ್ಕೊಳಾದು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಮಲಗಲು ಹೋದರು. ಕಂಪ್ಯೂಟರಿನ ರಜೆ ಮುಂದಕ್ಕೆ ಹೋಯಿತು, ಸದ್ಯ, ಅಷ್ಟರಲ್ಲೇ ಮುಗಿಯಿತು ಎಂದು ನಿಟ್ಟುಸಿರು ಬಿಟ್ಟೆ.

ಮಾರನೆಯ ಬೆಳಗ್ಗೆ ಎದ್ದು, ಕೂದಲು ಗಂಟು ಹಾಕಿಕೊಳ್ಳುತ್ತ ಅಡುಗೆಮನೆಗೆ ಹೋದೆ. ಒಳಗೆ ದೀಪ ಉರಿಯುತ್ತಿತ್ತು. ನನ್ನ ಗಂಡ ಈರುಳ್ಳಿ ಹೆಚ್ಚುತ್ತ ಕಣ್ಣೀರು ಸುರಿಸುತ್ತಿದ್ದರು. ಮಾವನವರು ಒಲೆಯ ಮುಂದೆ, ಬಾಣಲೆ ಹಿಡಿದು ಅದರಲ್ಲಿ ಮುಂದೇನು ಹಾಕಬೇಕೆಂದು ಯೋಚಿಸುತ್ತ ನಿಂತಿದ್ದರು.

"ಇದೇನ್ರೀ?" ಅಂದೆ ಗಂಡನಿಗೆ. ಅವರು ಚಾಕುವಿನಿಂದ ಅಪ್ಪನ ಕಡೆ ತೋರಿಸಿದರು.

ಮಾವನವರು ತಿರುಗಿ ನೋಡದೆಯೇ ಹೇಳಿದರು. "ಇವತ್ತು ಮಂಗಳವಾರ ಕಣವ್ವ. ಒಳಗೆ ಬರ್ಬ್ಯಾಡ. ಹೋಗಿ ಕೂತ್ಕೋ."

ಹಾಲಿಗೆ ಬಂದು ಕೂತೆ. ಕೂರುವುದು ಹೇಗೆಂದು ಗೊತ್ತಾಗಲಿಲ್ಲ. ಸೋಫಾದ ಈ ತುದಿಯಲ್ಲಿ ಕೂತೆ, ಆ ತುದಿಯಲ್ಲಿ ಕೂತೆ, ಕಾಲು ಕೆಳಗೆ ಬಿಟ್ಟೆ, ಮೇಲೆ ಮಡಿಸಿಕೊಂಡೆ. ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯದು. ಹೊರಗೆ ಹಾಲಿನವನು ಬಂದು ಹೋದ, ಮೇಲಿನ ಮನೆಯವರ ಬೈಕು ಹೊರಟಿತು, ಬಿಸಿಲು ಕಿಟಕಿಯಿಂದ ಒಳಗೆ ಬಂದು ನನ್ನ ಪಾದದ ಮೇಲೆ ಬಿತ್ತು. ಈ ಹೊತ್ತಿನಲ್ಲಿ ಇಲ್ಲಿಗೆ ಬಿಸಿಲು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ.

ಅಡುಗೆಮನೆಯಲ್ಲಿ ಎಣ್ಣೆ ಕಾದು ಹೊಗೆಯ ವಾಸನೆ ಬರತೊಡಗಿತು. ಡಬ್ಬಿಗಳ ಮುಚ್ಚಳ ತೆಗೆಯುವ, ಹಾಕುವ ಸದ್ದು. "ಸಾಸುವೆ ಎಲ್ಲಲಾ?" "ನಂಗೇನ್ ಗೊತ್ತು, ನೀವೇ ನೋಡಿ." "ಇದು ಜೀರಿಗೆ." "ಆ ಮೇಲಿಂದು ನೋಡಿ." "ಇದು ಮೆಂತ್ಯ." ಕೊನೆಗೆ ಇಬ್ಬರೂ ಸುಮ್ಮನಾಗಿ, ನಾನು ಏನಾದರೂ ಹೇಳುತ್ತೇನೋ ಎಂದು ಕಾಯುತ್ತಿರುವುದು ಗೋಡೆಯಾಚೆಯಿಂದಲೂ ತಿಳಿಯುತ್ತಿತ್ತು.

ಸಾಸಿವೆ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ.